ತರಾವೀಹ್ ಜೊತೆ ವಿತ್ರ್ ಮುಗಿಸಿದವರು ತಹಜ್ಜುದ್ ಮಾಡಬಹುದೇ? ರಮಝಾನ್ ಕಳೆದ ಮೇಲೆ ಎಷ್ಟು ರಕಅತ್?

ಪ್ರಶ್ನೆ: ನಸುಕು

ಅಸ್ಸಲಾಮು ಅಲೈಕುಮ್. ರಾತ್ರಿಯ ಐಚ್ಛಿಕ ನಮಾಝ್‌ಗಳ ಬಗ್ಗೆ ಕೆಲವು ಸಂದೇಹಗಳಿವೆ, ತಿಳಿದವರು ಬಿಡಿಸಿ ಹೇಳಿ.

ಮಸೀದಿಯಲ್ಲಿ ತರಾವೀಹ್ (ರಮಝಾನ್ ರಾತ್ರಿಗಳಲ್ಲಿ ಇಶಾ ನಂತರದ ನಮಾಝ್) ಆಗುತ್ತಿದ್ದಂತೆ ಇಮಾಮರು ವಿತ್ರ್ (ಬೆಸ ಸಂಖ್ಯೆಯ ರಕಅತ್‌ಗಳ, ಅಂದರೆ ಸುತ್ತುಗಳ, ನಮಾಝ್) ಕೂಡ ಜಮಾಅತ್ತಾಗಿ (ಸಾಮೂಹಿಕವಾಗಿ) ಮಾಡಿಸುತ್ತಾರೆ. ಅದನ್ನು ಮುಗಿಸಿ ಮಲಗಿದವರು ಸಹ್ರಿಗೆ (ಉಪವಾಸದ ಮುಂಜಾವಿನ ಊಟಕ್ಕೆ) ಮುಂಚೆ ಎದ್ದರೆ ತಹಜ್ಜುದ್ (ನಿದ್ದೆಯಿಂದ ಎದ್ದು ಮಾಡುವ ರಾತ್ರಿಯ ನಮಾಝ್) ಮಾಡಬಹುದೇ? ಮಾಡಿದರೆ ಮತ್ತೊಮ್ಮೆ ವಿತ್ರ್ ಬೇಕೇ? ರಾತ್ರಿಯ ಕೊನೆಯ ನಮಾಝ್ ವಿತ್ರ್ ಆಗಿರಬೇಕೆಂಬ ಹದೀಸ್ ಇರುವುದರಿಂದ ಈ ಗೊಂದಲ.

ಇಶಾ (ರಾತ್ರಿಯ ಕಡ್ಡಾಯ ನಮಾಝ್) ಜಮಾಅತ್ ತಪ್ಪಿ, ತರಾವೀಹ್ ನಡೆಯುತ್ತಿರುವಾಗ ಬಂದವರು ಏನು ಮಾಡಬೇಕು? ಹೆಚ್ಚು ಸೂರಾ ಬಾಯಿಪಾಠವಿಲ್ಲದವರು ಮನೆಯಲ್ಲಿ ಹೇಗೆ ನಿರ್ವಹಿಸಬೇಕು? ರಾತ್ರಿಯ ಕೊನೆಯ ಮೂರನೇ ಒಂದು ಭಾಗವನ್ನು ಲೆಕ್ಕ ಹಾಕುವುದು ಹೇಗೆ? ಕೊನೆಯದಾಗಿ, ಶವ್ವಾಲ್ (ರಮಝಾನ್ ನಂತರದ ತಿಂಗಳು) ಬಂದ ಮೇಲೂ ಇದನ್ನು ಬಿಡದೆ ಉಳಿಸಿಕೊಳ್ಳಲು ಕನಿಷ್ಠ ಎಷ್ಟು ರಕಅತ್ ಸಾಕು? ತರಾವೀಹ್ 8 ರಕಅತ್ತೋ 20 ರಕಅತ್ತೋ ಎಂಬ ವಾದ ಇಲ್ಲಿ ಬೇಡ, ಆದರೆ ಎರಡರ ಆಧಾರವೂ ಗೊತ್ತಿದ್ದರೆ ತಿಳಿಸಿ.

ಉತ್ತರ: ಸಫ್

ವ ಅಲೈಕುಮುಸ್ಸಲಾಮ್. ವಿತ್ರ್ ವಿಷಯ ಮೊದಲು ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲಿಯೇ.

ಇಮಾಮರ ಜೊತೆ ವಿತ್ರ್ ಮುಗಿಸಿ ಮಲಗಿದವರು ಎದ್ದು ತಹಜ್ಜುದ್ ಧಾರಾಳವಾಗಿ ಮಾಡಬಹುದು. ಎರಡೆರಡು ರಕಅತ್‌ನಂತೆ ಇಷ್ಟವಿದ್ದಷ್ಟು ಮಾಡಿ, ಕೊನೆಗೆ ಇನ್ನೊಂದು ವಿತ್ರ್ ಮಾಡಬೇಡಿ. "ಒಂದೇ ರಾತ್ರಿಯಲ್ಲಿ ಎರಡು ವಿತ್ರ್ ಇಲ್ಲ" ಎಂಬ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿ ಎಂಬ ಹದೀಸ್ ಸಂಗ್ರಹಗಳಲ್ಲಿದೆ. ವಿತ್ರ್ ಆದ ಮೇಲೆ ಬೇರೆ ನಮಾಝ್ ನಿಷಿದ್ಧ ಎಂಬ ಅರ್ಥ "ಕೊನೆಯ ನಮಾಝ್ ವಿತ್ರ್ ಆಗಿರಲಿ" ಎಂಬ ಮಾತಿಗಿಲ್ಲ. ಅದು ಉತ್ತಮ ಕ್ರಮವನ್ನು ಹೇಳುವ ಹದೀಸ್. ಪ್ರವಾದಿ(ಸ)ರವರು ವಿತ್ರ್ ನಂತರ ಕುಳಿತು ಎರಡು ರಕಅತ್ ನಿರ್ವಹಿಸಿದ್ದನ್ನು ಅವರ ಪತ್ನಿ ಆಯಿಶಾ(ರ) ವರದಿ ಮಾಡಿದ್ದಾರೆ, ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿದೆ.

ತಹಜ್ಜುದ್‌ಗೆ ಎದ್ದೇ ಏಳುತ್ತೇನೆ ಎಂಬ ಖಾತ್ರಿ ಇರುವವರು ವಿತ್ರನ್ನು ಕೊನೆಗೆ ಇಟ್ಟುಕೊಳ್ಳಬಹುದು. ಆದರೆ ರಮಝಾನ್‌ನಲ್ಲಿ ಇಮಾಮರನ್ನು ಬಿಟ್ಟು ಮಧ್ಯದಲ್ಲಿ ಎದ್ದುಹೋಗದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಇಮಾಮ್ ಮುಗಿಸುವವರೆಗೆ ಜೊತೆಗೆ ನಿಂತವನಿಗೆ ಇಡೀ ರಾತ್ರಿ ನಿಂತ ಪ್ರತಿಫಲ ಬರೆಯಲಾಗುತ್ತದೆ ಎಂಬ ಹದೀಸ್ ಇದೆ. ಹಂಬಲೀ ಮದ್‌ಹಬ್‌ನ (ಧರ್ಮಶಾಸ್ತ್ರ ಪಂಥದ) ಗ್ರಂಥಗಳಲ್ಲಿ ಇನ್ನೊಂದು ದಾರಿಯೂ ಇದೆ: ಇಮಾಮ್ ವಿತ್ರ್‌ನ ಸಲಾಮ್ (ನಮಾಝ್ ಮುಗಿಸುವ ಮಾತು) ಹೇಳಿದಾಗ ತಾನು ಸಲಾಮ್ ಹೇಳದೆ ಎದ್ದು ಒಂದು ರಕಅತ್ ಸೇರಿಸಿ ಅದನ್ನು ಸಮಸಂಖ್ಯೆ ಮಾಡಿ, ತಹಜ್ಜುದ್ ಆದ ಮೇಲೆ ವಿತ್ರ್ ಮಾಡುವುದು. ಹನಫೀಗಳಲ್ಲಿ ಇದು ಇಲ್ಲ. ಅವರು ಇಮಾಮರ ಜೊತೆಗೇ ವಿತ್ರ್ ಮುಗಿಸುವುದು ಸರಿ.

ವಿತ್ರ್ ರೂಪದಲ್ಲೂ ವ್ಯತ್ಯಾಸ ಇದೆ, ಬೇರೆ ಮದ್‌ಹಬ್‌ನ ಇಮಾಮರ ಹಿಂದೆ ನಿಂತವರಿಗೆ ಇದು ತಿಳಿದಿರಬೇಕು. ಹನಫೀಗಳಿಗೆ ವಿತ್ರ್ ವಾಜಿಬ್ (ಕಡ್ಡಾಯ). ಮೂರು ರಕಅತ್, ಎರಡನೆಯದರಲ್ಲಿ ಕುಳಿತು ತಶಹ್ಹುದ್ ಎಂಬ ಪಠಣ, ಒಂದೇ ಸಲಾಮ್. ಮೂರನೆಯದರಲ್ಲಿ ಸೂರಾ ಓದಿ, ಕೈ ಎತ್ತಿ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿ, ರುಕೂಗೆ (ಬಾಗುವುದಕ್ಕೆ) ಮೊದಲು ಕುನೂತ್ ಎಂಬ ಪ್ರಾರ್ಥನೆ, ಅದೂ ವರ್ಷವಿಡೀ. ಶಾಫಿಈಗಳಿಗೆ ವಿತ್ರ್ ಪ್ರಬಲ ಸುನ್ನತ್ (ಕಡ್ಡಾಯವಲ್ಲದ ಪ್ರವಾದಿ ಮಾದರಿ). ಕನಿಷ್ಠ 1, ಗರಿಷ್ಠ 11 ರಕಅತ್. ಮೂರು ಮಾಡುವುದಾದರೆ ಎರಡಕ್ಕೆ ಸಲಾಮ್ ಹೇಳಿ ಒಂದನ್ನು ಪ್ರತ್ಯೇಕ ಮಾಡುವುದು ಉತ್ತಮ. ಕುನೂತ್ ರಮಝಾನ್‌ನ ಎರಡನೇ ಅರ್ಧದಲ್ಲಿ, ರುಕೂಯಿಂದ ಎದ್ದ ಮೇಲೆ. ಮೂರು ರಕಅತ್‌ಗಳಲ್ಲಿ ಕ್ರಮವಾಗಿ ಅಲ್ ಅಅ್‌ಲಾ, ಅಲ್ ಕಾಫಿರೂನ್, ಅಲ್ ಇಖ್ಲಾಸ್ ಓದುವುದು ಸುನ್ನತ್.

ಉತ್ತರ: ಮಿಹ್ರಾಬ್

ತಡವಾಗಿ ಬಂದವರ ಬಗ್ಗೆ. ತರಾವೀಹ್‌ನ ಸಮಯ ಶುರುವಾಗುವುದು ಇಶಾ ಫರ್ಝ್ (ಕಡ್ಡಾಯ ನಮಾಝ್) ಆದ ಮೇಲೆ, ಮುಗಿಯುವುದು ಫಜ್ರ್‌ಗೆ (ಮುಂಜಾವಿಗೆ). ಇಶಾ ಮಾಡದೆ ನೇರ ತರಾವೀಹ್‌ನ ನಿಯ್ಯತ್ (ಸಂಕಲ್ಪ) ಕಟ್ಟಿದರೆ ಅದು ತರಾವೀಹ್ ಆಗುವುದಿಲ್ಲ. ಸಫ್‌ನಲ್ಲಿ (ಸಾಲಿನಲ್ಲಿ) ಜಾಗ ಕಂಡ ಕೂಡಲೇ ಹೋಗಿ ನಿಲ್ಲುವವರು ಮಾಡುವ ತಪ್ಪು ಇದೇ.

ಹನಫೀಗಳು ಸಫ್‌ಗಳಿಂದ ದೂರ, ಹಿಂದೆ ನಿಂತು ಇಶಾದ ನಾಲ್ಕು ಫರ್ಝ್ ಮತ್ತು ಎರಡು ಸುನ್ನತ್ ಮಾಡಿ ತರಾವೀಹ್‌ಗೆ ಸೇರಬೇಕು. ಸುನ್ನತ್ ನಿರ್ವಹಿಸುವ ಇಮಾಮರ ಹಿಂದೆ ಫರ್ಝ್ ಅವರಲ್ಲಿ ಸಿಂಧುವಲ್ಲ. ಶಾಫಿಈಗಳು ಇಶಾದ ನಿಯ್ಯತ್‌ನಲ್ಲೇ ತರಾವೀಹ್ ಇಮಾಮರನ್ನು ಹಿಂಬಾಲಿಸಬಹುದು: ಇಮಾಮ್ ಎರಡು ರಕಅತ್‌ಗೆ ಸಲಾಮ್ ಹೇಳಿದಾಗ ಎದ್ದು ಉಳಿದ ಎರಡನ್ನು ಪೂರ್ತಿ ಮಾಡಬೇಕು. ಸಹಾಬಿ (ಪ್ರವಾದಿಯ ಸಂಗಾತಿ) ಮುಆದ್(ರ) ಪ್ರವಾದಿ(ಸ)ರವರ ಹಿಂದೆ ಇಶಾ ಮುಗಿಸಿ, ನಂತರ ತಮ್ಮ ಜನರಿಗೆ ಅದೇ ನಮಾಝ್‌ಗೆ ಇಮಾಮ್ ಆಗುತ್ತಿದ್ದದ್ದು ಇದಕ್ಕೆ ಆಧಾರ. ತಪ್ಪಿಹೋದ ತರಾವೀಹ್ ರಕಅತ್‌ಗಳನ್ನು ಇಮಾಮರ ಜೊತೆ ವಿತ್ರ್ ಮುಗಿಸಿದ ಮೇಲೂ ಒಬ್ಬರೇ ಮಾಡಿಕೊಳ್ಳಬಹುದು.

ಇಮಾಮ್ ಮರೆತು ಮೂರನೇ ರಕಅತ್‌ಗೆ ಎದ್ದರೆ ಗಂಡಸರು "ಸುಬ್‌ಹಾನಲ್ಲಾಹ್" ಎನ್ನಬೇಕು, ಹೆಂಗಸರು ಕೈ ತಟ್ಟಬೇಕು. ಆ ರಕಅತ್‌ನ ಸಜ್ದಾ (ಸಾಷ್ಟಾಂಗ) ಮಾಡುವ ಮೊದಲೇ ಇಮಾಮ್ ಹಿಂದಿರುಗಿ ಕುಳಿತು, ತಶಹ್ಹುದ್ ಓದಿ, ಮರೆವಿನ ಸಜ್ದಾ ಮಾಡಿ ಮುಗಿಸಬೇಕು. ಹೇಗೂ ಎದ್ದಾಯಿತು, ನಾಲ್ಕು ಮಾಡಿಬಿಡೋಣ ಎಂದು ಮುಂದುವರಿಯುವುದು ಸರಿಯಲ್ಲ. ತರಾವೀಹ್‌ನಲ್ಲಿ ಪ್ರತಿ ಎರಡಕ್ಕೂ ಸಲಾಮ್ ಇರಲೇಬೇಕೆಂಬುದು ಶಾಫಿಈಗಳ ನಿಯಮ.

ಸಂಖ್ಯೆಯ ಆಧಾರ ಕೇಳಿದ್ದೀರಿ. ಪ್ರವಾದಿ(ಸ)ರವರು ಕೆಲವು ರಾತ್ರಿ ಮಸೀದಿಯಲ್ಲಿ ನಿಂತರು, ಜನ ಹೆಚ್ಚುತ್ತಿದ್ದಂತೆ ಇದು ಕಡ್ಡಾಯವಾಗಿಬಿಟ್ಟೀತೆಂಬ ಆತಂಕದಿಂದ ಹೊರಬರುವುದನ್ನು ನಿಲ್ಲಿಸಿದರು. ಜನರು ಚದುರಿ ಬೇರೆ ಬೇರೆಯಾಗಿ ನಿರ್ವಹಿಸುತ್ತಿದ್ದುದನ್ನು ಕಂಡ ಖಲೀಫಾ ಉಮರ್(ರ) ಎಲ್ಲರನ್ನೂ ಉಬೈ ಬಿನ್ ಕಅಬ್(ರ) ಹಿಂದೆ ಒಂದುಗೂಡಿಸಿದರು. ರಮಝಾನ್‌ನಲ್ಲೂ ಬೇರೆ ದಿನಗಳಲ್ಲೂ ಪ್ರವಾದಿ(ಸ)ರವರು 11ಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ ಎಂಬ ಆಯಿಶಾ(ರ) ಮಾತು ಬುಖಾರಿ ಸಂಗ್ರಹದಲ್ಲಿದೆ, 8 ಎನ್ನುವವರ ಆಧಾರ ಅದು (ವಿತ್ರ್‌ನ 3 ಕಳೆದರೆ 8). ಇಮಾಮ್ ಮಾಲಿಕ್ ಅವರ ಮುವತ್ತಾ ಗ್ರಂಥದಲ್ಲಿ ಉಮರ್ ಕಾಲದ ಬಗ್ಗೆ 11 ಎಂಬ ವರದಿಯೂ ಇದೆ, ವಿತ್ರ್ ಸೇರಿ 23 ಎಂಬ ವರದಿಯೂ ಇದೆ. ಹನಫೀ, ಶಾಫಿಈ, ಹಂಬಲೀ ಮೂವರೂ 20ನ್ನು ತೆಗೆದುಕೊಂಡರು. ಮದೀನಾದಲ್ಲಿ 36 ನಡೆಯುತ್ತಿತ್ತು. ಮಕ್ಕಾದವರು ಪ್ರತಿ ನಾಲ್ಕು ರಕಅತ್‌ನ ನಡುವೆ ಕಅಬಾಕ್ಕೆ ತವಾಫ್ ಮಾಡುತ್ತಿದ್ದರು. ಆ ಅವಕಾಶ ಇಲ್ಲದ ಮದೀನಾದವರು ನಾಲ್ಕು ಬಿಡುವುಗಳಲ್ಲಿ ನಾಲ್ಕು ನಾಲ್ಕು ರಕಅತ್ ಸೇರಿಸಿದರೆಂದು ಅದಕ್ಕೆ ವಿವರಣೆ ಕೊಡುತ್ತಾರೆ. ಒಳ್ಳೆಯದರಲ್ಲಿ ಹಿಂದೆ ಬೀಳಬಾರದೆಂಬ ಆ ಹಂಬಲ ನನಗೆ ಬಹಳ ಇಷ್ಟ.

ಸಂಖ್ಯೆಗಿಂತ ದೊಡ್ಡ ತೊಂದರೆ ವೇಗದ್ದು. 15 ಸಾಲಿನ ಮದೀನಾ ಮುಸ್‌ಹಫ್ (ಕುರ್‌ಆನ್ ಪ್ರತಿ) 604 ಪುಟ, ಒಂದು ಜುಝ್ (ಕುರ್‌ಆನ್‌ನ ಮೂವತ್ತನೇ ಒಂದು ಭಾಗ) ಸುಮಾರು 20 ಪುಟ. 20 ರಕಅತ್ ಆದರೆ ರಕಅತ್‌ಗೆ ಒಂದು ಪುಟ, 8 ಆದರೆ ಎರಡೂವರೆ ಪುಟ. 27ನೇ ರಾತ್ರಿಗೆ ಖತಮ್ (ಪೂರ್ತಿ ಓದಿ ಮುಗಿಸುವುದು) ಮಾಡಬೇಕೆಂದರೆ ದಿನಕ್ಕೆ 22ರಿಂದ 23 ಪುಟ ಆಗಬೇಕು. ತಿಂಗಳು 29ಕ್ಕೇ ಮುಗಿಯಬಹುದು, ಆದ್ದರಿಂದ 30ನೇ ರಾತ್ರಿಗೆ ಏನನ್ನೂ ಉಳಿಸಿಕೊಳ್ಳಬೇಡಿ. ಬೇಗ ಓದುವ ಹದ್ರ್ ಶೈಲಿಯಲ್ಲೂ ಒಂದು ಜುಝ್‌ಗೆ ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಅದರ ಮೇಲೆ 20 ರುಕೂ, 40 ಸಜ್ದಾ, 10 ತಶಹ್ಹುದ್. ಇದೆಲ್ಲವನ್ನೂ ನಲವತ್ತು ನಿಮಿಷಕ್ಕೆ ತುರುಕಿದರೆ ಮೊದಲು ಪೆಟ್ಟು ಬೀಳುವುದು ರುಕೂಯಿಂದ ಎದ್ದು ನಿಲ್ಲುವ ಘಟ್ಟಕ್ಕೆ, ಆಮೇಲೆ ಎರಡು ಸಜ್ದಾಗಳ ನಡುವಿನ ಕೂರುವಿಕೆಗೆ. ಬೆನ್ನು ನೆಟ್ಟಗಾಗುವ ಮೊದಲೇ ಮತ್ತೆ ಬಾಗುವವನ ನಮಾಝ್ ನಮಾಝೇ ಅಲ್ಲ. ಆತುರದಲ್ಲಿ ನಮಾಝ್ ಮಾಡಿದ ವ್ಯಕ್ತಿಗೆ ಪ್ರವಾದಿ(ಸ) "ಹಿಂದಿರುಗಿ ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ" ಎಂದದ್ದು ಇದಕ್ಕೇ. ಖತಮ್ ಆಗದಿದ್ದರೆ ಯಾವ ಪಾಪವೂ ಇಲ್ಲ. ಕಮಿಟಿಯವರು ಇಮಾಮರ ಮೇಲೆ ಸಮಯದ ಒತ್ತಡ ಹೇರುವ ಬದಲು ಪುಟ ಕಡಿಮೆ ಮಾಡಿಸಲಿ.

ಇನ್ನೊಂದು ಮಾತು. ಶಾಫಿಈ ಮುಕ್ತದಿಗಳು (ಇಮಾಮರ ಹಿಂದೆ ನಿಂತವರು) ಪ್ರತಿ ರಕಅತ್‌ನಲ್ಲೂ ಫಾತಿಹಾ (ಕುರ್‌ಆನ್‌ನ ಮೊದಲ ಸೂರಾ) ತಾವೇ ಓದಬೇಕು. ಇಮಾಮ್ ಆಮೀನ್ ಆದ ತಕ್ಷಣ ಸೂರಾ ಶುರುಮಾಡಿ, ಅದೂ ಪುಟ್ಟ ಸೂರಾ ಆಗಿದ್ದರೆ, ಅವರು ಅರ್ಧದಲ್ಲೇ ಸಿಕ್ಕಿಬೀಳುತ್ತಾರೆ. ಆಮೀನ್ ನಂತರ ಫಾತಿಹಾ ಓದುವಷ್ಟು ನಿಂತು ಮುಂದುವರಿಯುವ ಇಮಾಮರು ದೊಡ್ಡ ಉಪಕಾರ ಮಾಡುತ್ತಾರೆ. ಸಜ್ದಾದ ಆಯತ್ (ಓದಿದಾಗ ಸಜ್ದಾ ಮಾಡುವ ಕುರ್‌ಆನ್ ವಾಕ್ಯ) ಬರುವ ರಕಅತ್ ಯಾವುದೆಂದು ಮೊದಲೇ ಹೇಳಿದರೆ, ಹಿಂದಿನ ಸಫ್‌ನವರು ರುಕೂ ಎಂದುಕೊಂಡು ಬಾಗಿ ನಿಲ್ಲುವುದು ತಪ್ಪುತ್ತದೆ.

ಉತ್ತರ: ಮೂರನೇ ಜಾವ

ಸಮಯದ ಲೆಕ್ಕ: ಮಗ್ರಿಬ್‌ನಿಂದ (ಸೂರ್ಯಾಸ್ತದಿಂದ) ಫಜ್ರ್‌ವರೆಗಿನ ನಿಮಿಷಗಳನ್ನು ಮೂರು ಪಾಲು ಮಾಡಿ. ಮಗ್ರಿಬ್ 6:30, ಫಜ್ರ್ 5:00 ಎಂದುಕೊಳ್ಳಿ. ಒಟ್ಟು ಹತ್ತೂವರೆ ಗಂಟೆ, ಅಂದರೆ 630 ನಿಮಿಷ, ಒಂದು ಪಾಲು 210. ಫಜ್ರ್‌ನಿಂದ 210 ನಿಮಿಷ ಹಿಂದೆ ಹೋದರೆ 1:30. ಕೊನೆಯ ಮೂರನೇ ಭಾಗ ಶುರುವಾಗುವುದು ಅಲ್ಲಿಂದ. ಸೂರ್ಯೋದಯದವರೆಗೆ ಎಣಿಸಿದರೆ ಲೆಕ್ಕ ಕೆಡುತ್ತದೆ, ವಿತ್ರ್ ಕೂಡ ಫಜ್ರ್ ಒಳಗೆ ನುಗ್ಗೀತು. ಋತು ಬದಲಾದಂತೆ ಈ ಗಂಟೆಯೂ ಸರಿಯುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ನೋಡಿಕೊಳ್ಳಿ. ಇಡೀ ಮೂರೂವರೆ ಗಂಟೆ ನಿಲ್ಲಬೇಕೆಂದಿಲ್ಲ. ಫಜ್ರ್‌ಗೆ ಅರ್ಧ ಗಂಟೆ ಮೊದಲು ಎದ್ದವರಿಗೂ ಆ ಹೊತ್ತು ಸಿಕ್ಕಿತು.

ಎದ್ದ ಮೇಲೆ ಕಣ್ಣುಜ್ಜಿ ನಿದ್ದೆ ಕೊಡವಿಕೊಂಡು ಆಲಿ ಇಮ್ರಾನ್ ಸೂರಾದ 190ನೇ ಆಯತ್‌ನಿಂದ ಕೊನೆಯವರೆಗೆ ಓದುವುದು, ಮಿಸ್ವಾಕ್ (ಹಲ್ಲುಜ್ಜುವುದು), ವುಝೂ (ಅಂಗಶುದ್ಧಿ), ಆಮೇಲೆ ಎರಡು ಪುಟ್ಟ ರಕಅತ್. ಮೊದಲೆರಡನ್ನು ಹಗುರವಾಗಿ ಮಾಡುವುದು ಸುನ್ನತ್, ಮೈಯ ಜಡವೂ ಅದರಲ್ಲೇ ಬಿಡುತ್ತದೆ. ನಂತರದವು ದೀರ್ಘವಾಗಲಿ. ತೂಕಡಿಕೆ ತಡೆಯದಿದ್ದರೆ ಮಲಗಿಬಿಡಬೇಕೆಂಬುದು ಪ್ರವಾದಿ(ಸ)ರವರ ಆದೇಶ: ತೂಕಡಿಸುವವನು ಕ್ಷಮೆ ಬೇಡಲು ಹೋಗಿ ತನ್ನನ್ನೇ ಶಪಿಸಿಕೊಂಡಾನು. ದಣಿದಾಗ ಹಿಡಿದುಕೊಳ್ಳಲೆಂದು ತಮ್ಮ ಪತ್ನಿ ಝೈನಬ್(ರ) ಎರಡು ಕಂಬಗಳ ನಡುವೆ ಕಟ್ಟಿದ್ದ ಹಗ್ಗವನ್ನೂ ಬಿಚ್ಚಿಸಿದ್ದರು.

ಬಾಯಿಪಾಠ ಕಡಿಮೆ ಇರುವವರು ಹಿಂಜರಿಯಬೇಕಾಗಿಲ್ಲ. ರಾತ್ರಿ ನಮಾಝ್‌ನಲ್ಲಿ 10 ಆಯತ್ ಓದಿದವನು ಅಲಕ್ಷ್ಯರ ಪಟ್ಟಿಯಲ್ಲಿ ಸೇರುವುದಿಲ್ಲ ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಇಖ್ಲಾಸ್, ಫಲಕ್, ನಾಸ್ ಮೂರೂ ಸೇರಿದರೆ 15 ಆಯತ್ ಆಯಿತು. ಒಂದೇ ರಕಅತ್‌ನಲ್ಲಿ ಹಲವು ಸೂರಾ ಓದಬಹುದು, ಒಂದನ್ನೇ ಮತ್ತೆ ಮತ್ತೆ ಓದಬಹುದು. ರಾತ್ರಿ ಇಖ್ಲಾಸ್ ಒಂದನ್ನೇ ಪದೇ ಪದೇ ಓದುತ್ತಿದ್ದ ಸಹಾಬಿಯ ವಿಷಯ ತಿಳಿದಾಗ ಪ್ರವಾದಿ(ಸ), ಅದು ಕುರ್‌ಆನ್‌ನ ಮೂರನೇ ಒಂದು ಭಾಗಕ್ಕೆ ಸಮ ಎಂದರು. ಮುಸ್‌ಹಫ್ ಕೈಯಲ್ಲಿ ಹಿಡಿದು ಓದುವುದು ಶಾಫಿಈಗಳಲ್ಲಿ ಸರಿ. ಆಯಿಶಾ(ರ) ಅವರಿಗೆ ಅವರ ಸೇವಕ ದಕ್ವಾನ್ ಮುಸ್‌ಹಫ್ ನೋಡಿಯೇ ಇಮಾಮ್ ಆಗಿದ್ದರು. ಇಮಾಮ್ ಅಬೂಹನೀಫಾರ ಪ್ರಕಾರ ಅದರಿಂದ ನಮಾಝ್ ಕೆಡುತ್ತದೆ, ಆದ್ದರಿಂದ ಹನಫೀಗಳು ಗೊತ್ತಿರುವುದನ್ನೇ ಪುನರಾವರ್ತಿಸಲಿ. ಹಿಡಿಯುವವರು ಎದೆಯ ಎತ್ತರದ ಸ್ಟ್ಯಾಂಡ್ ಮೇಲೆ ಪುಟ ತೆರೆದಿಟ್ಟರೆ ಕೈಯ ಚಲನೆ ಕಡಿಮೆಯಾಗುತ್ತದೆ.

ಹೆಂಗಸರು ಮನೆಯಲ್ಲೇ ಪೂರ್ತಿ ತರಾವೀಹ್ ಮಾಡಬಹುದು. ಮುಟ್ಟಿನ ದಿನಗಳ ತರಾವೀಹ್‌ಗೆ ಕಝಾ (ತಪ್ಪಿದ್ದನ್ನು ನಂತರ ಮಾಡುವುದು) ಇಲ್ಲ, ಆ ರಾತ್ರಿಗಳಲ್ಲಿ ದಿಕ್ರ್ (ದೇವಸ್ಮರಣೆ), ದುಆ (ಪ್ರಾರ್ಥನೆ), ಸ್ವಲಾತ್ (ಪ್ರವಾದಿಗಾಗಿ ಪ್ರಾರ್ಥನೆ) ಇದ್ದೇ ಇದೆ. ಲೈಲತುಲ್ ಕದ್ರ್ (ರಮಝಾನ್‌ನ ಅತಿ ಶ್ರೇಷ್ಠ ರಾತ್ರಿ) ಹುಡುಕುವವರಿಗೂ ಆ ಬಾಗಿಲು ಮುಚ್ಚಿಲ್ಲ. ನಿಲ್ಲಲಾಗದವರು ಕುಳಿತು ಮಾಡಲಿ, ಕಾಯಿಲೆ ಇದ್ದರೆ ಪ್ರತಿಫಲ ಕಡಿಮೆಯಾಗುವುದಿಲ್ಲ. ಶಕ್ತಿ ಇದ್ದೂ ಐಚ್ಛಿಕ ನಮಾಝ್ ಕುಳಿತು ಮಾಡಿದರೆ ಅರ್ಧ.

ಶವ್ವಾಲ್ ನಂತರದ್ದು ನಿಮ್ಮ ಅತಿ ಮುಖ್ಯ ಪ್ರಶ್ನೆ. ರಮಝಾನ್‌ನ 20 ರಕಅತ್ ಹುರುಪಿನಲ್ಲಿ ಈದ್ ಮರುದಿನವೇ 11 ರಕಅತ್ ಹಾಕಿಕೊಂಡರೆ ಎರಡು ವಾರಕ್ಕೆ ಎಲ್ಲವೂ ನಿಂತುಹೋಗುತ್ತದೆ. ಮೊದಲು ವಿತ್ರನ್ನು ಗಟ್ಟಿ ಮಾಡಿಕೊಳ್ಳಿ. ಮಲಗುವ ಮುನ್ನ ಎರಡು ರಕಅತ್, ಮೇಲೆ ವಿತ್ರ್, ಇಷ್ಟೇ. ಏಳುವ ಭರವಸೆ ಇಲ್ಲದವನು ವಿತ್ರ್ ಮುಗಿಸಿಯೇ ಮಲಗಲಿ, ಭರವಸೆ ಇರುವವನು ಕೊನೆಗೆ ಇಡಲಿ ಎಂಬುದು ಜಾಬಿರ್(ರ) ವರದಿ ಮಾಡಿದ ಹದೀಸ್. ಅಬೂಹುರೈರಾ(ರ)ರಿಗೆ ಮಲಗುವ ಮೊದಲೇ ವಿತ್ರ್ ಮಾಡುವಂತೆ ಉಪದೇಶ ಸಿಕ್ಕಿತ್ತು. ಇದು ಒಂದೆರಡು ತಿಂಗಳು ನಿಂತ ಮೇಲೆ ವಾರಕ್ಕೆ ಎರಡು ದಿನ ಫಜ್ರ್‌ಗೆ 20 ನಿಮಿಷ ಮೊದಲು ಎದ್ದು ಎರಡು ರಕಅತ್ ಸೇರಿಸಿ. ರಾತ್ರಿ ನಿಲ್ಲುತ್ತಿದ್ದು ಆಮೇಲೆ ಬಿಟ್ಟುಬಿಟ್ಟವನಂತೆ ಆಗಬೇಡ ಎಂದು ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ) ಎಚ್ಚರಿಸಿದ್ದಾರೆ.

ನಸುಕು: ಜಝಾಕುಮುಲ್ಲಾಹು ಖೈರನ್. ಒಂದು ಉಳಿಯಿತು. ವಿತ್ರನ್ನು ಕೊನೆಗೆ ಇಟ್ಟುಕೊಂಡು ಮಲಗಿ, ಎಚ್ಚರವಾದಾಗ ಫಜ್ರ್ ಬಾಂಗ್ ಆಗಿಬಿಟ್ಟಿದ್ದರೆ?

ಮೂರನೇ ಜಾವ: ಹನಫೀಗಳಿಗೆ ವಿತ್ರ್ ವಾಜಿಬ್ ಆದ್ದರಿಂದ ಮೂರು ರಕಅತ್ ಕಝಾ ಕಡ್ಡಾಯ. ಶಾಫಿಈಗಳಿಗೆ ಕಝಾ ಸುನ್ನತ್. ತಹಜ್ಜುದ್ ತಪ್ಪಿದ್ದಕ್ಕೆ ಹಗಲಿನಲ್ಲಿ ತುಂಬಿಕೊಳ್ಳುವ ದಾರಿ ಇದೆ: ನಿದ್ದೆಯಿಂದಲೋ ನೋವಿನಿಂದಲೋ ರಾತ್ರಿ ನಮಾಝ್ ತಪ್ಪಿದರೆ ಪ್ರವಾದಿ(ಸ) ಹಗಲಿನಲ್ಲಿ 12 ರಕಅತ್ ನಿರ್ವಹಿಸುತ್ತಿದ್ದರು, ಮುಸ್ಲಿಮ್‌ನಲ್ಲಿದೆ. ರಾತ್ರಿಯ ಪಾಲನ್ನು ಫಜ್ರ್ ಮತ್ತು ಝುಹ್ರ್ ನಡುವೆ ಓದಿದವನಿಗೆ ರಾತ್ರಿಯೇ ಓದಿದಂತೆ ಬರೆಯಲಾಗುತ್ತದೆ ಎಂಬ ಉಮರ್(ರ) ವರದಿಯೂ ಅಲ್ಲೇ ಇದೆ. ತಹಜ್ಜುದ್ ಬದಲಿನ ರಕಅತ್‌ಗಳನ್ನು ಫಜ್ರ್ ನಮಾಝ್ ಆದ ಕೂಡಲೇ ಶುರುಮಾಡಬೇಡಿ. ಸೂರ್ಯ ಹುಟ್ಟಿ ಸುಮಾರು 15ರಿಂದ 20 ನಿಮಿಷ ಬಿಟ್ಟು ಆರಂಭಿಸಿ, ನೆತ್ತಿಗೆ ಬರುವ ಮೊದಲು ಮುಗಿಸಿ.