ಮೊದಲ ಸಲ ಬೊಂಬೆ ಕೂರಿಸೋದು: ಎಷ್ಟು ಮೆಟ್ಟಿಲು, ಪಟ್ಟದ ಬೊಂಬೆ ಎಲ್ಲಿ?

ಮೊದಲಸಲ: ನವರಾತ್ರಿಗೆ ಫ್ಲ್ಯಾಟಿನ ಹಾಲಿನಲ್ಲಿ ಬೊಂಬೆ ಕೂರಿಸಬೇಕು. ಐದಡಿ ಗೋಡೆ ಇದೆ. ಒಂದಡಿ ಎತ್ತರದ ಮರದ ಪಟ್ಟದ ಬೊಂಬೆ ಜೋಡಿ (ರಾಜ ರಾಣಿ), ಮಣ್ಣಿನ ದಶಾವತಾರ, ಒಂದಷ್ಟು ಚನ್ನಪಟ್ಟಣದ ಬೊಂಬೆ ಇವೆ. ಎಷ್ಟು ಮೆಟ್ಟಿಲು? ಮೇಲೆ ದಶಾವತಾರವೋ ಪಟ್ಟದ ಬೊಂಬೆಯೋ? ಬೊಂಬೆಗಳ ಮುಂದೆ ಮಾಡೋ ಪುಟ್ಟ ಪಾರ್ಕಿನ ಹಸಿರಿಗೆ ರಾಗಿ ಯಾವಾಗ ಚೆಲ್ಲೋದು?

ಇಂಚುಪಟ್ಟಿ: ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು, 3, 5, 7, 9. ಗೋಡೆಯ ಉದ್ದಕ್ಕಿಂತ ಮುಂದಕ್ಕೆ ಎಷ್ಟು ಜಾಗ ಹೋಗುತ್ತೆ ನೋಡಿ. ಮೆಟ್ಟಿಲು 9 ಇಂಚು ಎತ್ತರ, 10 ಇಂಚು ಅಗಲ ಅಂದರೆ ಐದಕ್ಕೆ 50 ಇಂಚು, ಮುಂದೆ ರಂಗೋಲಿ, ಆರತಿಗೆ ಇನ್ನೆರಡು ಅಡಿ. ಸಾಲದಿದ್ದರೆ ಮೂರೇ ಸಾಕು. ಕೆಳಗಿನ ಸಾಲಿನ ಬೊಂಬೆ 9 ಇಂಚು ಮೀರಿದರೆ ಹಿಂದಿನದರ ಕಾಲು ಮುಚ್ಚಿಹೋಗುತ್ತೆ.

ಮೆಟ್ಟಿಲಿಗೆ ಹಾಸೋಕೆ ಎಂಟು ಮೊಳದ ಬಿಳಿ ಪಂಚೆ 144 ಇಂಚು, ಐದು ಮೆಟ್ಟಿಲು ಹತ್ತಿ ಇಳಿಯೋದು 95. ಮಿಕ್ಕಿದ್ದು ಹಿಂದೆ ಮುಂದೆ ಮಡಚೋಕೆ. ಪಂಚೆ ಅಗಲ ಸುಮಾರು 50 ಇಂಚು, ಹಾಗಾಗಿ ಮೆಟ್ಟಿಲಿನ ಉದ್ದವನ್ನ ನಾಲ್ಕಡಿಗೆ ನಿಲ್ಲಿಸಿ, ಐದಡಿ ಬೇಡ. ಮೇಲಿಂದ ಹಾಸುತ್ತಾ ಬಂದು ಪ್ರತಿ ಮೂಲೆಗೂ ರಟ್ಟಿನ ಪಟ್ಟಿ ಒತ್ತಿ. ಮೂಲೆಯಲ್ಲಿ ಬಟ್ಟೆ ಜೋತರೆ ಒಂದು ಬೊಂಬೆ ಎಳೆದಾಗ ಸಾಲೇ ವಾಲುತ್ತೆ.

ಬನ್ನಿಎಲೆ: ಮೇಲೆ ಪಟ್ಟದ ಬೊಂಬೆಯೇ. ಮೆಟ್ಟಿಲಿಗೊಂದು ಅರ್ಥ, ಕೆಳಗೆ ಹುಳುಹುಪ್ಪಟೆ, ಮೇಲೆ ದೇವರು ಅನ್ನೋ ವಿವರಣೆ ತಮಿಳರ ಕೊಲುವಿನಲ್ಲಿ ಹೇಳೋದು. ಮೈಸೂರು ಕಡೆ ಈ ಜೋಡಿ ಅಂದರೆ ರಾಜ ರಾಣಿ. ಅರಮನೆಯಲ್ಲಿ ದರ್ಬಾರು ನಡೆಯೋ ದಿನಗಳಲ್ಲಿ ಮನೆಯಲ್ಲೂ ಪಟ್ಟ. ರಾಣಿ ರಾಜನ ಎಡಕ್ಕೆ, ಪಕ್ಕದಲ್ಲಿ ಕಲಶ. ರೇಷ್ಮೆ ತುಂಡು ಉಡಿಸುವಾಗ ಗುಂಡುಸೂಜಿ ಮರಕ್ಕೆ ಚುಚ್ಚಬೇಡಿ, ದಾರ ಕಟ್ಟಿ. ದಶಾವತಾರ ಎರಡನೇದಕ್ಕೆ. ಶೆಟ್ಟಿ ಶೆಟ್ಟಮ್ಮ (ಅಂಗಡಿ ಇಟ್ಟ ದಂಪತಿ ಬೊಂಬೆ) ಇದ್ದರೆ ಕಡೇ ಮೆಟ್ಟಿಲಲ್ಲಿ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಬೆಲ್ಲ ಮಾತ್ರ ದಿನಾ ಬದಲಾಯಿಸಿ, ಇರುವೆ ಬರುತ್ತೆ.

ಕೈತೋಟ: ಪಿತೃಪಕ್ಷದಲ್ಲಿ ಹಬ್ಬದ ಕೆಲಸ ಶುರುಮಾಡದ ಮನೆಗಳಿವೆ, ಆದರೂ ತಡ ಆಗಲ್ಲ. ಮಹಾಲಯ ಅಮಾವಾಸ್ಯೆ ರಾತ್ರಿ ಹಿಡಿ ರಾಗಿ ನೆನೆಹಾಕಿ ಪಾಡ್ಯದ ದಿನ ಚೆಲ್ಲಿದರೆ ಸರಸ್ವತಿ ಪೂಜೆ ಹೊತ್ತಿಗೆ ಹಸಿರು ತುಂಬಿರುತ್ತೆ, ಜನ ಹೆಚ್ಚು ಬರೋದೂ ಆಗಲೇ. ಅಂಚಿರೋ ತಟ್ಟೆಯಲ್ಲಿ ಒಂದಿಂಚು ಮಣ್ಣು ಸಾಕು. ನೀರು ಚಿಮುಕಿಸಿ, ಸುರಿಯಬೇಡಿ. ನೀರು ನಿಂತರೆ ಬೂಷ್ಟು. ತಟ್ಟೆ ಮೆಟ್ಟಿಲ ಮೇಲೆ ಬೇಡವೇ ಬೇಡ, ಮಣ್ಣಿನ ಬೊಂಬೆಯ ಬುಡ ತೇವ ಹೀರಿ ಬಣ್ಣ ಚಕ್ಕೆ ಏಳುತ್ತೆ.

ಮೊದಲಸಲ: ಧನ್ಯವಾದ! ಚನ್ನಪಟ್ಟಣದವು ಧೂಳು ಹಿಡಿದಿವೆ, ಸ್ಯಾನಿಟೈಸರಲ್ಲಿ ಒರೆಸಬಹುದಾ? ತೆಗೆಯೋದು ಯಾವಾಗ?

ಅರಗುಬಣ್ಣ: ಸ್ಯಾನಿಟೈಸರ್ ಮುಟ್ಟಿಸಲೇಬೇಡಿ. ಅದು ಅರಗಿನ ಬಣ್ಣ, ಸ್ಪಿರಿಟ್ಟಿಗೆ ಕರಗಿ ಕೈಗೆ ಅಂಟುತ್ತೆ. ಒಣ ಮಲ್ಲು ಬಟ್ಟೆಯಲ್ಲಿ ಉಜ್ಜಿ, ಹೊಳಪು ತಾನೇ ಬರುತ್ತೆ. ಮಣ್ಣಿನವಕ್ಕೆ ಬ್ರಷ್ ಮಾತ್ರ.

ವಿಜಯದಶಮಿ ರಾತ್ರಿ ಆರತಿ ಆದಮೇಲೆ ಪಟ್ಟದ ಬೊಂಬೆಗಳನ್ನ ಮಲಗಿಸಿ, ಅವತ್ತೇ ಕಟ್ಟಿಡಬೇಡಿ, ಮಾರನೇ ದಿನ ತೆಗೆಯಿರಿ. ಹಳೇ ಹತ್ತಿಬಟ್ಟೆ ಸುತ್ತಿ, ಜೊತೆಗೆ ಒಣಗಿದ ಬೇವಿನ ಸೊಪ್ಪು, ಬಜೆ ತುಂಡು ಇಡಿ. ಪ್ಲಾಸ್ಟಿಕ್ ಕವರು ಬೇಡ, ಒಳಗೇ ಬೆವರುತ್ತೆ. ಪೆಟ್ಟಿಗೆಯಲ್ಲಿ ಮಣ್ಣಿನವು ಕೆಳಗೆ ಹೋದರೆ ಮೊದಲು ಮುರಿಯೋದು ಕೃಷ್ಣನ ಕೊಳಲು ಹಿಡಿದ ಕೈ.