ಬಿಎಂಐ ಸರಿ ಇದ್ದರೂ ಮುಟ್ಟು ನಿಂತಿದ್ದೇಕೆ?

ಪ್ರಶ್ನೆ: ತೂಕ ಈಗ 60 ಕೆಜಿ. 1200 ಕ್ಯಾಲೊರಿ ಊಟ, ದಿನಾ 5 ಕಿ.ಮೀ. ಓಟ. ಸಣ್ಣಗೇನೂ ಇಲ್ಲ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸರಿ ಇದೆ, ಆದರೂ ಮುಟ್ಟು ನಿಂತಿದೆ. ಯಾಕೆ?

ಉತ್ತರ 1: ಮೊದಲು ಗರ್ಭಧಾರಣೆ ಪರೀಕ್ಷೆ ಮಾಡಿಕೊಳ್ಳಿ. ಗರ್ಭ ಇಲ್ಲವೆಂದಾದರೆ ಲೆಕ್ಕ ಹಾಕೋಣ. ಕೊಬ್ಬು ಶೇ. 30 ಎಂದುಕೊಂಡರೆ ಉಳಿದ ಮೈತೂಕ 42 ಕೆಜಿ. ಓಟಕ್ಕೆ ಸುಮಾರು 300 ಕ್ಯಾಲೊರಿ ಹೋಗಿ ಉಳಿದದ್ದು 900, ಅಂದರೆ ಕೆಜಿಗೆ 21. ಇದು 30ಕ್ಕಿಂತ ಕೆಳಗಿಳಿದರೆ ಮಿದುಳಿನ ಹೈಪೋಥಲಾಮಸ್ ಕೊಡುವ ಸಂಕೇತ ಕುಂದಬಹುದು. ಆಗ ಅಂಡಾಣು ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನ್‌ನ ಮಿಡಿತ ನಿಧಾನಗೊಂಡು ಅಂಡಾಣು ಬಿಡುಗಡೆಯಾಗುವುದಿಲ್ಲ. ಬಿಎಂಐ ಇದನ್ನು ತೋರಿಸುವುದೇ ಇಲ್ಲ.

ಉತ್ತರ 2: ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದವರ ಕಥೆ ಬೇರೆ. ಹೆಚ್ಚು ತೂಕವಿದ್ದವರಲ್ಲಿ ಶೇ. 5ರಿಂದ 10 ಇಳಿದರೇ ಮುಟ್ಟು ಸರಿಹೋಗಬಹುದು. ಹಾಗಾಗಿ ಅವರ ಡಯೆಟ್ ನಕಲು ಮಾಡಬೇಡಿ. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರ ಬಳಿ ಹೋಗಲೇಬೇಕು: ರಕ್ತದಲ್ಲಿ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಎಸ್ಟ್ರಡಿಯೋಲ್ ಎಂಬ ಹಾರ್ಮೋನ್‌ಗಳನ್ನು ನೋಡುತ್ತಾರೆ. ಗರ್ಭನಿರೋಧಕ ಮಾತ್ರೆಯಿಂದ ಬರುವ ರಕ್ತಸ್ರಾವವನ್ನು ಮುಟ್ಟು ಮರಳಿತು ಎಂದುಕೊಳ್ಳಬೇಡಿ, ದಯವಿಟ್ಟು.

ಉತ್ತರ 3: ಡಯೆಟ್‌ಗೆಂದು ಮುದ್ದೆ ಬಿಟ್ಟಿದ್ದರೆ ಮತ್ತೆ ಶುರು ಮಾಡಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ ಸುಮಾರು 320 ಕ್ಯಾಲೊರಿ, 30 ಗ್ರಾಂ ಕಡಲೆಬೀಜಕ್ಕೆ 170. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಬೇಡಿ. ವಾರದಲ್ಲಿ ಕೆಲವು ದಿನ ಓಟದ ಬದಲು ನಡಿಗೆ ಸಾಕು. ಮುಟ್ಟು ಮರಳಲು ತಿಂಗಳುಗಳೇ ಬೇಕಾಗಬಹುದು. ಈಸ್ಟ್ರೋಜೆನ್ (ಹೆಣ್ಣಿನ ಹಾರ್ಮೋನ್) ಕಡಿಮೆ ಇರುವಷ್ಟು ಕಾಲ ಮೂಳೆ ಸವೆಯುತ್ತದೆ, ಬರೀ ಕ್ಯಾಲ್ಸಿಯಂ ಮಾತ್ರೆ ಅದನ್ನು ತಡೆಯದು. ಇನ್ನೊಂದು: ಮರಳಿ ಬರುವ ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು, ಗರ್ಭ ಬೇಡವಾದರೆ ಈಗಿನಿಂದಲೇ ಎಚ್ಚರ ವಹಿಸಿ.