ಮೊದಲ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ (ಪುಣೆ): ಪುಲ್ಲಿ ಕೂರುತ್ತಿಲ್ಲ, ಬ್ಯಾಟರಿ ಯಾವುದು?

ಕೋಥ್ರೂಡ್_ಧಾರವಾಡಿ:
ಎಲ್ಲರಿಗೂ ನಮಸ್ಕಾರ. ಒಂದು ಮೋಟಾರಿನ ಬೋರ್ಡ್ ಕಟ್ಟೋಣ ಅಂತ ಸಾಮಾನು ಕೂಡಿಸುತ್ತಿದ್ದೇನೆ. ಓಡಿಸುವುದು ಸೊಸೈಟಿ ಒಳಗೆ ಮಾತ್ರ. ಹಳೇ ಲಾಂಗ್‌ಬೋರ್ಡ್, 90 ಮಿ.ಮೀ. ಚಕ್ರ, 6374 ಮೋಟಾರ್ (190 ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 190 ಸುತ್ತು; 8 ಮಿ.ಮೀ. ಶಾಫ್ಟ್) ಕೈಯಲ್ಲಿವೆ. ಬುಧವಾರ ಪೇಟೆಯಲ್ಲಿ ಪುಲ್ಲಿ ಕೇಳಿದರೆ ಸಣ್ಣ ಅಲ್ಯೂಮಿನಿಯಂ ಪುಲ್ಲಿ, 6 ಮಿ.ಮೀ. ಅಗಲದ ಬೆಲ್ಟ್ ಕೊಟ್ಟು "ಚಾಲೇಲ್" (ನಡೆಯುತ್ತೆ) ಅಂದರು. ಅದರ ತೂತು ಬರೀ 5 ಮಿ.ಮೀ., ಅದನ್ನು ದೊಡ್ಡದು ಮಾಡಿಸಿದರೆ ಆಗುತ್ತಾ? ಬ್ಯಾಟರಿಗೆ ಇ-ಸೈಕಲ್ಲಿನ 36 ವೋಲ್ಟ್, 10 ಎಎಚ್ ಪ್ಯಾಕ್ ನೋಡಿದ್ದೇನೆ, ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) 15 ಆಂಪಿಯರ್. ಇಲ್ಲಾಂದ್ರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಟ್ಟಿಸಿ, ವಿಮಾನದಲ್ಲಿ ಬರುವ ಭಾವನ ಕೈಲಿ ತರಿಸಲಾ?

ಭೋಸರಿ_ಲೇತ್:
ಕೊರೆಸಬೇಡಿ ತಮ್ಮಾ. ಅದು 3ಡಿ ಪ್ರಿಂಟರಿನ ಜಿಟಿ2 ಪುಲ್ಲಿ, ಹಲ್ಲಿಂದ ಹಲ್ಲಿಗೆ ಬರೀ 2 ಮಿ.ಮೀ. ಪ್ರಿಂಟರಿನ ತಲೆ ಎಳೆಯುವುದಕ್ಕೆ ಸರಿ, ಮನುಷ್ಯನನ್ನು ಎಳೆಯುವುದಕ್ಕಲ್ಲ. ನಿಮಗೆ ಬೇಕಾದದ್ದು ಎಚ್‌ಟಿಡಿ 5ಎಂ (ಹಲ್ಲಿಂದ ಹಲ್ಲಿಗೆ 5 ಮಿ.ಮೀ.), 15 ಮಿ.ಮೀ. ಅಗಲದ ಬೆಲ್ಟ್. ಎಲೆಕ್ಟ್ರಾನಿಕ್ಸ್ ಅಂಗಡಿ ಬಿಡಿ, ಬೇರಿಂಗ್-ಬೆಲ್ಟ್ ಮಾರುವವರ ಹತ್ತಿರ ಟೈಮಿಂಗ್ ಪುಲ್ಲಿ ಅಂತ ಕೇಳಿ. ಮೋಟಾರಿಗೆ 15 ಹಲ್ಲು, ಚಕ್ರಕ್ಕೆ 36.

ಲೇತಿನವರ ಹತ್ತಿರ ಹೋಗುವಾಗ ಅಳತೆ ಬರೆದ ಚೀಟಿ ಸಾಲದು, ಮೋಟಾರನ್ನೇ ಒಯ್ಯಿರಿ. ಶಾಫ್ಟಿನಲ್ಲಿ ಉದ್ದಕ್ಕೆ ಒಂದು ತೋಡು ಇದೆಯಾ ನೋಡಿ. ಇದ್ದರೆ ಪುಲ್ಲಿಗೂ ಅದೇ ಅಳತೆಯ ತೋಡು ಹೊಡೆಸಿ, ಎರಡೂ ತೋಡಿಗೆ ಕೂರುವ ಲೋಹದ ಕೀ ಹಾಕಿಸಿ. ಬರೀ ಗ್ರಬ್ ಸ್ಕ್ರೂ (ಪುಲ್ಲಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ) ನಂಬಿದರೆ ನಾಲ್ಕು ಸಲ ಬ್ರೇಕ್ ಹಿಡಿಯುವಷ್ಟರಲ್ಲಿ ಶಾಫ್ಟ್ ಗೀರಿಕೊಂಡು ಪುಲ್ಲಿ ಸುಮ್ನೆ ತಿರುಗುತ್ತದೆ. ಲೋಹಕ್ಕೆ ಲೋಹ ತಾಗುವ ಸ್ಕ್ರೂಗಳಿಗೆಲ್ಲ ನೀಲಿ ಲಾಕ್‌ಟೈಟ್ 243 (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪು ಬೇಡ, ಆಮೇಲೆ ಬಿಚ್ಚೋಕೆ ಕಾಯಿಸಬೇಕಾಗುತ್ತದೆ.

ವೇಗದ ಲೆಕ್ಕ: 36 × 190 ಅಂದರೆ ನಿಮಿಷಕ್ಕೆ 6840 ಸುತ್ತು. 15/36 ಇಳಿಸಿದರೆ ಚಕ್ರ 2850 ಸುತ್ತುತ್ತದೆ. ಭಾರವೇ ಇಲ್ಲದಿದ್ದರೆ ಗಂಟೆಗೆ ಸುಮಾರು 48 ಕಿ.ಮೀ. ನೀವು ಮೇಲೆ ನಿಂತರೆ ಕಡಿಮೆಯಾಗುತ್ತದೆ. ಸೊಸೈಟಿ ಒಳಗೆ ಅದೂ ಜಾಸ್ತಿನೇ, ಕಂಟ್ರೋಲರಿನಲ್ಲಿ ಮಿತಿ ಹಾಕಿ.

ಥಾಣೆ_ವೋಲ್ಟು:
ವಿಮಾನದ ಆಸೆ ಬಿಡಿ. ನಿಮ್ಮ ಪ್ಯಾಕು 36 × 10, ಅಂದರೆ 360 ವ್ಯಾಟ್-ಅವರ್. 160ರ ಮೇಲಿನದ್ದನ್ನು ಪ್ರಯಾಣಿಕರು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಇಲ್ಲ. ಭಾವನನ್ನು ಸುಮ್ನೆ ಸೆಕ್ಯುರಿಟಿಯಲ್ಲಿ ನಿಲ್ಲಿಸಬೇಡಿ.

ಸೈಕಲ್ ಪ್ಯಾಕ್ ಆಗುತ್ತದೆ, ಆದರೆ ಒಂದು ಅಪಾಯ ಇದೆ. 15 ಆಂಪಿಯರ್ ಅಂದರೆ 540 ವ್ಯಾಟ್. ಅದಕ್ಕಿಂತ ಜಾಸ್ತಿ ಎಳೆದರೆ ಬಿಎಂಎಸ್ ಕರೆಂಟ್ ಪೂರ್ತಿ ಕಡಿದುಬಿಡುತ್ತದೆ, ಓಡುತ್ತಿದ್ದ ಬೋರ್ಡಿನ ಎಳೆತ ಒಮ್ಮೆಲೇ ನಿಂತು ನೀವು ಮುಗ್ಗರಿಸುತ್ತೀರಿ. ಅದಕ್ಕೇ ಡ್ರೋನಿನ ಇಎಸ್‌ಸಿ (ಮೋಟಾರ್ ಓಡಿಸುವ ಕಂಟ್ರೋಲರ್) ಬೇಡ, ವೆಸ್ಕ್ ತಗೊಳ್ಳಿ (ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಮಾಡಿದ ಓಪನ್ ಸೋರ್ಸ್ ಕಂಟ್ರೋಲರ್). ಅದರಲ್ಲಿ ಬ್ಯಾಟರಿ ಕರೆಂಟನ್ನು 12 ಆಂಪಿಯರಿಗೆ ಕಟ್ಟಿಹಾಕಬಹುದು. ಮೋಟಾರ್ ಕರೆಂಟ್ ಬೇರೆ, ಅದು 40 ಇದ್ದರೂ ತೊಂದರೆ ಇಲ್ಲ. ಹೊರಡುವಾಗ ಬೇಕಾದ ಬಲ ಅದರಿಂದಲೇ ಬರುವುದು.

ಬ್ರೇಕಿಗೂ ಇದೇ ತಲೆನೋವು. ಬ್ರೇಕ್ ಹಾಕಿದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುತ್ತದೆ. 42 ವೋಲ್ಟಿಗೆ ತುಂಬಿದ ಬ್ಯಾಟರಿ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಎಂಎಸ್ ಕಡಿದರೆ ಬ್ರೇಕೇ ಇಲ್ಲ. ನಿಮ್ಮ ಮನೆ ಇಳಿಜಾರಿನ ಮೇಲಿದ್ದರೆ ಚಾರ್ಜು ಪೂರ್ತಿ ಮಾಡದೆ ಹೊರಡಿ. ವಾಪಸ್ ಬರುವ ಬ್ಯಾಟರಿ ಕರೆಂಟಿಗೂ ಚಿಕ್ಕ ಮಿತಿ ಹಾಕಿ.

ಬಿಡಿ 18650 ಸೆಲ್ (ಪ್ಯಾಕಿನೊಳಗಿನ ದುಂಡನೆಯ ಲಿಥಿಯಂ ಸೆಲ್) ತಗೊಂಡು ನೀವೇ ಕಟ್ಟುವ ಯೋಚನೆ ಇದ್ದರೆ ಈ ಸಲಕ್ಕೆ ಬೇಡ. ಸೆಲ್ಲಿಗೆ ಬೆಸುಗೆ ಹಾಕುವಂತಿಲ್ಲ, ಸ್ಪಾಟ್ ವೆಲ್ಡರ್ ಬೇಕು. ಮೇಲೆ 9900 ಎಂಎಎಚ್ ಅಂತ ಬರೆದ ಸೆಲ್ ಕಂಡರೆ ನಕ್ಕು ಮುಂದೆ ಹೋಗಿ, ಒಳ್ಳೇ ಸೆಲ್ಲೇ 3500ರ ಆಸುಪಾಸಿಗೆ ನಿಲ್ಲುತ್ತದೆ.

ಕೋಥ್ರೂಡ್_ಧಾರವಾಡಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಬೆಲ್ಟ್-ಪುಲ್ಲಿ ವಾಪಸ್ ಕೊಡುತ್ತೇನೆ. ವೈರು, ಕನೆಕ್ಟರಿಗೆ ಲ್ಯಾಮಿಂಗ್ಟನ್ ರೋಡಿಗೇ ಬರಬೇಕಾ? ಮತ್ತೆ ಪಾನಾ ಯಾವ ಸೈಜು?

ಥಾಣೆ_ವೋಲ್ಟು:
ಅಷ್ಟಕ್ಕೇ ಮುಂಬೈಗೆ ಬರೋದು ಬೇಡ, ಅಪ್ಪಾ. 12 ಗೇಜ್ ಸಿಲಿಕಾನ್ ವೈರ್, ಎಕ್ಸ್‌ಟಿ90-ಎಸ್ ಕನೆಕ್ಟರ್ ಆನ್‌ಲೈನಿನಲ್ಲೇ ಸಿಗುತ್ತವೆ. ಕೊನೆಯ ಆ ಎಸ್ ಮುಖ್ಯ. ಒಳಗೆ ರೆಸಿಸ್ಟರ್ ಇರುತ್ತದೆ, ಬ್ಯಾಟರಿ ಸಿಕ್ಕಿಸುವಾಗ ಕಿಡಿ ಹಾರುವುದಿಲ್ಲ. 25 ವ್ಯಾಟಿನ ಸೋಲ್ಡರಿಂಗ್ ಐರನ್ನಿಗೆ ಆ ದಪ್ಪ ವೈರು ಕಾಯುವುದೇ ಇಲ್ಲ. 60 ವ್ಯಾಟು, ಅಗಲ ತುದಿ ಇರುವುದು ತಗೊಳ್ಳಿ.

ಭೋಸರಿ_ಲೇತ್:
ಸ್ಕೇಟಿನ ನಟ್ಟುಗಳು ಇಂಚಿನ ಲೆಕ್ಕದವು. ಚಕ್ರದ ನಟ್ ಅರ್ಧ ಇಂಚು, 13ರ ಪಾನಾ ನಡೆಯುತ್ತದೆ. ಟ್ರಕ್ಕಿನ (ಚಕ್ರಗಳ ಅಚ್ಚನ್ನು ಹಲಗೆಗೆ ಹಿಡಿಯುವ ಲೋಹದ ಭಾಗ) ನಡುವಿನ ಬೋಲ್ಟಾದ ಕಿಂಗ್‌ಪಿನ್ನಿನ ನಟ್ 9/16 ಇಂಚು. 14 ಒಳಗೆ ಹೋಗುವುದಿಲ್ಲ, 15 ಜಾರಿ ಮೂಲೆ ತಿನ್ನುತ್ತದೆ. ಅದೊಂದು ಸೈಜು ಇಂಚಿನದ್ದೇ ಹುಡುಕಿ ತಗೊಳ್ಳಿ. ಲೇತಿಗೆ ಹೋಗುವ ಮುಂಚೆ ಶಾಫ್ಟಿನ ಫೋಟೋ ಇಲ್ಲಿ ಹಾಕಿ, ವರ್ನಿಯರ್ ಹಿಡಿದು.